ಅಮೋಘಸಿದ್ಧ ಕಂಡ ಕೆಂಪು

ವಲಾಂಡಿಯ ಅಮೋಘಸಿದ್ಧನಿಗೆ ಅರವತ್ತೆರಡು ವರ್ಷ. ತನ್ನ ಹಿಂಡಿನ ಕುರಿಗಳನ್ನು ಮುಖ ನೋಡಿಯೇ ಗುರುತಿಸುವವನು. ಬೆನ್ನಿನ ಮೇಲೆ ಬಳಿಯುವ ಬಣ್ಣದ ಗುರುತು ಪರರಿಗೆ, ತನಗಲ್ಲ ಎನ್ನುತ್ತಿದ್ದ. ಒಮ್ಮೆ ಮಾತ್ರ ಆ ಬಣ್ಣವನ್ನು ನಂಬಿದ.

ಹನ್ನೊಂದು ವರ್ಷದ ಹಿಂದೆ ಅವನೂ ತಮ್ಮ ಪಂಡಿತನೂ ಉದಗೀರದಿಂದ ನಲವತ್ತು ಹೊಸ ಕುರಿ ತಂದು ಹಂಚಿಕೊಂಡಿದ್ದರು. ಅಣ್ಣನವಕ್ಕೆ ಕೆಂಪು, ತಮ್ಮನವಕ್ಕೆ ಹಸಿರು, ಬಳಿದವರು ಹೆಂಗಸರು. ಮುಖ ಪರಿಚಯವಾಗುವ ಮೊದಲೇ ಆಲಿಕಲ್ಲು ಮಳೆ ಬಿತ್ತು. ಕೆಲವು ಸತ್ತವು, ಉಳಿದವು ಗುಡ್ಡದ ತುಂಬ ಚದುರಿದವು. ಗುಡ್ಡದಲ್ಲಿ ಸಿಕ್ಕ ಐದನ್ನು ಪಂಡಿತ ಅಲ್ಲಿಂದಲೇ ಉದಗೀರಕ್ಕೆ ಒಯ್ದು ಮಾರಿದ. ಕೊಂಡವನ ಟೆಂಪೋ ಹೊರಡುವ ಹೊತ್ತಿಗೆ ಅಮೋಘಸಿದ್ಧ ಉದಗೀರ ಮುಟ್ಟಿದ. ಒತ್ತಿ ನಿಂತ ಐದು ಬೆನ್ನುಗಳ ಮೇಲೂ ಅವನಿಗೆ ತನ್ನ ಕೆಂಪೇ ಕಂಡಿತು. ಪಂಡಿತ ಹಸಿರು ಎಂದ. ಟೆಂಪೋ ಹೊರಟುಹೋಯಿತು.

ಹಿರಿಯರು ಬೀರಪ್ಪನ ಗುಡಿಯಲ್ಲಿ ಸೇರಿದಾಗ ಅಮೋಘಸಿದ್ಧ ಭಂಡಾರ ಮುಟ್ಟಿ, ಕಣ್ಣಾರೆ ಕೆಂಪು ಕಂಡೆ ಎಂದು ಆಣೆ ಮಾಡಿದ. ದೇವರ ಅರಿಶಿನ ಮುಟ್ಟಿ ಸುಳ್ಳು ಹೇಳುವವರು ನಮ್ಮಲ್ಲಿಲ್ಲ. ಕುರಿ ಕೊಂಡವನನ್ನು ಯಾರೂ ಕೇಳಲಿಲ್ಲ. ಆಣೆಯಾದ ಮೇಲೆ ಕೇಳುವುದೇನಿತ್ತು? ಪಂಡಿತ ಕಳ್ಳನಾದ. ಹೆಂಡತಿ ಅಂಬುಬಾಯಿಯನ್ನು ಕರೆದುಕೊಂಡು ಶಿರೂರ ಅನಂತಪಾಳಕ್ಕೆ ಹೋದವನು ತಿರುಗಿ ಬರಲಿಲ್ಲ.

ಈ ವರ್ಷ ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದ ಸುಗಂಧಾ ಟೀಚರು ಶನಿವಾರ ಸಂಜೆ ಶಾಲೆಯಲ್ಲೊಂದು ಕಲಿಕೆಯ ಕೂಟ ಶುರು ಮಾಡಿದರು. ಮಕ್ಕಳು ಮನೆಯ ಹಿರಿಯರನ್ನು ಕರೆತರಬೇಕು. ವಿಜ್ಞಾನವಾಗಲಿ ಚಿತ್ರವಾಗಲಿ, ಎಲ್ಲರೂ ಕೈಯಾರೆ ಮಾಡಬೇಕು. ಅಮೋಘಸಿದ್ಧನನ್ನು ಮೊಮ್ಮಗಳು ಅನುಸೂಯಾ ಎಳೆದು ತಂದಳು. ಹೆಂಡತಿ ಜಗದೇವಿಯೂ ಬಂದಳು.

ಅಂದು ಕಾವಿಮಣ್ಣು, ಮೆಂತ್ಯ ಸೊಪ್ಪು ಅರೆದು ಬಣ್ಣ ಮಾಡಿದ್ದರು. ಕಾಗದದ ಮೇಲೆ ಉಣ್ಣೆ ಅಂಟಿಸಿ ಕುರಿ ಮಾಡಿ, ಬೆನ್ನಿಗೆ ಗುರುತು ಹಚ್ಚುವುದು.

"ಮುತ್ಯಾ, ನಮ್ಮ ಕುರಿಗಿ ಹಸರ ಯಾಕ ಹಚ್ಚಿದಿ?" ಎಂದಳು ಅನುಸೂಯಾ.

"ಹಸರ ಎಲ್ಲದವ್ವಾ? ಕಣ್ಣ ಚೆಂದಂಗ ತಗದ ನೋಡು."

"ಅವರಿಗೇನ್ ಕೇಳ್ತಿ," ಜಗದೇವಿ ನಕ್ಕಳು. "ಹಣ್ಣ ಟಮಾಟಿ ತರ್ರಿ ಅಂದ್ರ ಚೀಲದ ತುಂಬ ಕಾಯಿ ತರ್ತಾರ."

ಎಲ್ಲರೂ ನಕ್ಕರು. ಸುಗಂಧಾ ನಗಲಿಲ್ಲ. ಡಬ್ಬಿಯಿಂದ ಉಣ್ಣೆ ದಾರದ ತುಂಡುಗಳನ್ನು ಸುರಿದು, "ಕಾಕಾ, ಕೆಂಪು ಈ ಕಡಿ, ಹಸರ ಆ ಕಡಿ ಇಡ್ರಿ," ಎಂದರು.

ಅವನು ಸರಸರನೆ ಇಡತೊಡಗಿದ. ನಾಲ್ಕನೆಯ ದಾರಕ್ಕೂ ನಗು ಇತ್ತು. ಹತ್ತನೆಯದಕ್ಕೆ ನಿಂತಿತ್ತು. ಎರಡು ಗುಡ್ಡೆಯಲ್ಲೂ ಎರಡೂ ಬಣ್ಣ ಬೆರೆತು ಬಿದ್ದಿದ್ದವು.

"ಯಾಕ, ಎಲ್ಲಾರೂ ಸುಮ್ನಾದ್ರಿ?"

"ಕಾಕಾ, ನಿಮಗ ಇವೆರಡು ಬಣ್ಣ ಬ್ಯಾರೆ ಬ್ಯಾರೆ ಕಾಣಂಗಿಲ್ಲ. ರೋಗ ಅಲ್ರಿ ಇದು. ಎಷ್ಟೋ ಗಂಡಸರಿಗಿ ಹುಟ್ಟಿನಿಂದ ಇರ್ತದ."

"ಹನ್ನೊಂದು ವರ್ಷದ ಹಿಂದನೂ ಹಿಂಗೇ ಇತ್ತಂತೀರಿ?"

ಆ ಕಥೆ ಸುಗಂಧಾಗೆ ಗೊತ್ತಿರಲಿಲ್ಲ. "ಇದ್ದೇ ಇರ್ತದಲ್ರಿ," ಎಂದರು.

ಜಗದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏನ್ರೀ... ಭಂಡಾರ ಮುಟ್ಟೀರಲ್ರೀ..."

ಅವನು ದಾರಗಳನ್ನು ಬಾಚಿ ಅಂಗಿಯ ಕಿಸೆಗೆ ತುಂಬಿಕೊಂಡ. "ಇವು ನನಗ ಬೇಕು ಬಾಯೋರೇ. ಪಂಡಿತ ನಂಬಬೇಕಲ್ಲ."

ಮರುದಿನ ನಡೆದದ್ದನ್ನು ಜಗದೇವಿ ನನಗೆ ಹೇಳಿದಳು. ಗಂಡಹೆಂಡತಿ ಶಿರೂರಕ್ಕೆ ಹೋದಾಗ ಪಂಡಿತ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಬಾ ಎನ್ನಲಿಲ್ಲ. ಅಂಬುಬಾಯಿ ಬಾಗಿಲಿಗೆ ಅಡ್ಡ ನಿಂತಳು. ಅಮೋಘಸಿದ್ಧ ಬಗ್ಗಿ ತಮ್ಮನ ಕಾಲು ಮುಟ್ಟಹೋದ. ಪಂಡಿತ ಬೆಚ್ಚಿ ಕಾಲೆಳೆದುಕೊಂಡ. ಅಮೋಘಸಿದ್ಧ ಪಕ್ಕದಲ್ಲಿ ಕೂತು ಕಿಸೆಯ ದಾರಗಳನ್ನು ಮುಂದೆ ಸುರಿದ.

"ನಂಗ ಬಣ್ಣ ಕಾಣಂಗಿಲ್ಲೋ ಪಂಡಿತಾ. ಅಂದು ನಾ ಸುಳ್ಳ ಹೇಳಿಲ್ಲ, ಖರೇನೂ ಹೇಳಿಲ್ಲ."

"ನಂಗ ಕಳ್ಳ ಮಾಡಿ ಈಗ ದಾರ ತಗೊಂಡ ಬಂದಿ? ತಾ ಇಲ್ಲಿ. ಕೆಂಪಂದ್ರ ಏನಂತ ನಾ ತೋರಸ್ತೀನಿ."

ಪಂಡಿತ ಸಿಟ್ಟಿನಿಂದ ದಾರಗಳನ್ನು ಎರಡು ಕಡೆ ಎಸೆಯುತ್ತ ಹೋದ. ಅಮೋಘಸಿದ್ಧ ತಲೆಯಾಡಿಸಿದ. "ಹೌದಪ್ಪಾ, ಬರೋಬರ್ ಇಟ್ಟಿ."

ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕೆಂಪಿನಾಗ ಹಸರ ಬಿದ್ದದರೀ," ಅಂಬುಬಾಯಿಯ ದನಿ ಇಳಿದಿತ್ತು.

"ಯಾವದು?" ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಕೇಳಿದರು.

ಪಂಡಿತನ ಕೈ ಅಲ್ಲೇ ನಿಂತಿತು. "ಗುಡ್ಡದಾಗ ಹಸರ ಅಂತ ನಾನೇ ಆರಿಸಿದ್ದೆ. ಹಂಗಾರ ಅವು ಯಾರ ಕುರಿ, ಅಣ್ಣಾ?"

"ಇನ್ನ ಯಾರಿಗಿ ಗೊತ್ತಾಗ್ತದೋ."

"ಪ್ರತಿ ಅಮಾಸಿಗಿ ನಿನ್ನ ಕಣ್ಣ ಹೋಗ್ಲಿ ಅಂತ ಬೀರಪ್ಪಗ ಬೇಡ್ಕೊಂಡೀನಿ ನಾ."

"ನೀ ಬೇಡೂ ಮೊದಲೇ ಹೋಗಿದ್ವಲ್ಲೋ."

ಅಂಬುಬಾಯಿ ಬಾಗಿಲಿನಿಂದ ಸರಿದು, "ಒಳಗ ಬರ್ರಿ ಭಾವಾ," ಎಂದಳು. ಅಣ್ಣತಮ್ಮ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.