ಕಾಜಕ್ಕನ ದಾರಿಯ ಬೆಂಚು

ಅಂಗಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದೇ ಕಸುಬಾದ ಮೇಲೆ ಸ್ವಂತ ಹೆಸರು ಯಾರಿಗೆ ಬೇಕು? ಬೀದಿಗೆಲ್ಲ ಅವಳು ಕಾಜಕ್ಕ. ಆರು ವರ್ಷದಿಂದ ಅವಳ ನೋಟದ ನಟ್ಟನಡುವೆ ಒಂದು ಮಬ್ಬು ಬಂದು ಕೂತುಬಿಟ್ಟಿದೆ. ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತದೆ. ಹಾಗಾಗಿ ಎದುರಿಗೆ ಬಂದವರನ್ನು ಮುಖ ತಿರುಗಿಸಿಯೇ ನೋಡುತ್ತಾಳೆ. ಗೊತ್ತಿಲ್ಲದವರು ‘ಎಷ್ಟು ಜಂಬ ನೋಡು’ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ, ಜಂಬವೂ ಸ್ವಲ್ಪ ಇದ್ದೇ ಇದೆ.

ಹೊಲಿಗೆಗೆ ತೊಂದರೆಯಿಲ್ಲ. ಅವಳು ಬರುವಷ್ಟರಲ್ಲಿ ಟೈಲರ್ ಹತ್ತು ಸೂಜಿಗೆ ದಾರ ಪೋಣಿಸಿಟ್ಟಿರುತ್ತಾನೆ. ಮಿಕ್ಕಿದ್ದನ್ನು ಬೆರಳುಗಳು ನೋಡಿಕೊಳ್ಳುತ್ತವೆ. ಕಷ್ಟವಿದ್ದದ್ದು ಮನೆಯಿಂದ ಅಂಗಡಿಗೆ ನಡೆಯುವ ದಾರಿಯಲ್ಲಿ. ಮಗಳು ತಂದುಕೊಟ್ಟ ಬಿಳಿ ಕೋಲು ಬಾಗಿಲ ಹಿಂದೆ ಧೂಳು ತಿನ್ನುತ್ತಿತ್ತು. “ಕೋಲು ಹಿಡ್ಕೊಂಡು ಹೋದ್ರೆ, ಇವಳಿಗೆ ಕಣ್ಣಿಲ್ಲ ಅಂತ ಗಿರಾಕಿಗಳು ಕೊಟ್ಟ ಅಂಗೀನೂ ವಾಪಸ್ ಇಸ್ಕೊಂಡು ಹೋಗ್ತಾರೆ” ಎಂಬುದು ಕಾಜಕ್ಕನ ವಾದ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಶನಿವಾರ ಸಂಜೆ ಅವಳು ಕಾಲು ತೊಳೆಯುವಾಗ ಮಗಳು ನೋಡಿಬಿಟ್ಟಳು. ಮೊಣಕಾಲಿನ ಕೆಳಗೆ ಕಂದುಗಟ್ಟಿದ ಕಲೆಗಳು, ಒಂದಲ್ಲ ಎರಡಲ್ಲ, ನಾಲ್ಕು.

“ಸಾಕಮ್ಮ. ಸೋಮವಾರದಿಂದ ಒಂದೇ ಒಂದು ಸಲ ದಾರೀಲಿ ತೊಂದರೆ ಆಯ್ತು ಅಂತ ಕೇಳಿದ್ರೂ ಕೆಲಸ ಬಿಡಿಸ್ತೀನಿ.”

ಕಾಜಕ್ಕ ಸೀರೆ ಎಳೆದು ಕಾಲು ಮುಚ್ಚಿಕೊಂಡಳು. ಕೆಲಸ ಬಿಟ್ಟು ಮಾಡುವುದೇನು? ದಿನವಿಡೀ ಗೋಡೆ ನೋಡುತ್ತ ಕೂರೋಣವೆಂದರೆ ಆ ಗೋಡೆಯೂ ನೆಟ್ಟಗೆ ಕಾಣುವುದಿಲ್ಲ.

ಮಗಳು ಸುಮ್ಮನಿರದೆ ಟೈಲರ್ ಅಂಗಡಿ ಪಕ್ಕದ ಸಲೂನಿನವನಿಗೂ ಹೇಳಿದಳು, ಅಮ್ಮನ ಮೇಲೆ ಒಂದು ಕಣ್ಣಿಟ್ಟಿರು ಅಂತ. ಅವನೋ, ಕತ್ತರಿಗಿಂತ ನಾಲಿಗೆ ಚುರುಕು. ಭಾನುವಾರ ಬೀದಿಯವರನ್ನೆಲ್ಲ ಕಟ್ಟಿಕೊಂಡು, ಅಕ್ಕನ ಕಾಲಿಗೆ ಒಂದು ಕಡ್ಡಿಯೂ ತಾಗಬಾರದು ಎಂದು ದಾರಿ ಖಾಲಿ ಮಾಡಿಸಿದ. ಔಷಧಿ ಅಂಗಡಿಯ ಹೂಕುಂಡ, ಸೈಕಲ್ ರಿಪೇರಿಯವನ ನೀರಿನ ಡ್ರಮ್ಮು, ತನ್ನದೇ ಅಂಗಡಿಯ ಬೆಂಚು, ಎಲ್ಲವೂ ಒಳಗೆ ಹೋದವು. ಕಾಜಕ್ಕನನ್ನು ಒಂದು ಮಾತು ಕೇಳಿದರೇ? ಕೋಳಿ ಕೇಳಿ ಮಸಾಲೆ ಅರೆಯುವವರುಂಟೇ!

ಸೋಮವಾರ ಕಾಜಕ್ಕ ಹೊರಟಳು. ಕುಂಡ ಸಿಗಲಿಲ್ಲ. ಇನ್ನೂ ಮುಂದಿರಬೇಕು ಎಂದುಕೊಂಡಳು. ಡ್ರಮ್ಮೂ ಸಿಗಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಸಂಜೆಯೊಳಗೆ ಮಗಳ ಕಿವಿಗೆ ಬೀಳುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಬಾಯಿ ಬಿಗಿಹಿಡಿದು ನಡೆದಳು. ಅಂಗೈಯಷ್ಟು ನುಣುಪಾದ ದಾರಿ ಅವಳನ್ನು ಎಲ್ಲೂ ತಡೆಯಲೇ ಇಲ್ಲ. ಇದ್ದಕ್ಕಿದ್ದಂತೆ ಬಸ್ಸೊಂದರ ಬಿಸಿಗಾಳಿ ಮುಖಕ್ಕೆ ರಾಚಿತು. ದೊಡ್ಡ ರಸ್ತೆ! ನಿಂತಲ್ಲೇ ನಿಂತಳು.

ಇತ್ತ ಸಲೂನಿನವನು ಬಾಗಿಲಲ್ಲಿ ನಿಂತು, ಅಕ್ಕ ಎಲ್ಲೂ ಎಡವದೆ ಬರುವುದನ್ನು ನೋಡಿ ಬೀಗುತ್ತಿದ್ದ. ಅವಳು ಟೈಲರ್ ಅಂಗಡಿಯನ್ನೂ ದಾಟಿ ಹೋದಾಗ ಜೀವ ಹೋದಂತಾಗಿ, ಕೈಯಲ್ಲಿ ಬ್ರಷ್ ಹಿಡಿದೇ ಓಡಿದ. ಹಿಂದೆಯೇ ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡ ಗಿರಾಕಿ.

“ಅಕ್ಕಾ, ಎಲ್ಲಿಗೆ ಹೊರಟ್ರಿ?”

“ನಿನ್ನ ಬೆಂಚು ಎಲ್ಲೋ?”

“ಒಳಗಿಟ್ಟೆ ಅಕ್ಕ. ದಿನಾ ಬಂದು ಡಿಕ್ಕಿ ಹೊಡೀತಿದ್ರಲ್ಲ, ಪಾಪ ಅಂತ.”

“ಡಿಕ್ಕಿ ಅಲ್ವೋ ಪುಣ್ಯಾತ್ಮ. ಬೆಂಚು ಕಾಲಿಗೆ ತಾಗಿದ್ರೆ ಎಡಕ್ಕೆ ತಿರುಗೋದು, ನಾಲ್ಕು ಹೆಜ್ಜೆಗೆ ನಮ್ಮ ಅಂಗಡಿ. ಆರು ವರ್ಷದಿಂದ ಅದನ್ನೇ ನಂಬ್ಕೊಂಡು ಬರ್ತಿದ್ದೀನಿ.”

ಸಲೂನಿನವನು ಅವಳನ್ನು ಅಂಗಡಿಗೆ ಬಿಟ್ಟು, ಕುಂಡ, ಡ್ರಮ್ಮು, ಬೆಂಚು ಎಲ್ಲವನ್ನೂ ಮತ್ತೆ ಹೊರಗಿಡಿಸಿದ.

ಸಂಜೆ ಕಾಜಕ್ಕ ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಇನ್ನು ತೀರ್ಪು ಬಂತೆಂದು ಅವಳು ತಲೆ ತಗ್ಗಿಸಿ ಕೂತಳು. ಮಗಳು ಬೈಯಲಿಲ್ಲ. ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಲೆ ಮುಟ್ಟಿದಳು.

“ಇದು ಯಾವುದು?”

“ಔಷಧಿ ಅಂಗಡಿ ಕುಂಡ.”

“ಇದು?”

“ಸೈಕಲ್ಲಿನವನ ಡ್ರಮ್ಮು. ಪಕ್ಕದ್ದು ಬೆಂಚು.”

“ಮತ್ತೆ ಇದು?”

ಕಾಜಕ್ಕ ತಡೆದು ಹೇಳಿದಳು: “ನಿನ್ನ ಮಂಚ. ಬೆಳಗ್ಗೆ ನಿನ್ನ ಹೊದಿಕೆ ಸರಿ ಮಾಡೋಕೆ ಬರ್ತೀನಲ್ಲ, ಆಗ.”

ಮಗಳಿಗೆ ಅಳುವೋ ನಗುವೋ ತಿಳಿಯಲಿಲ್ಲ, ಎರಡೂ ಬಂದವು. ಮೂಗು ಒರೆಸಿಕೊಂಡು ಎದ್ದು, ಬಾಗಿಲ ಹಿಂದಿನ ಕೋಲಿನ ಧೂಳು ಝಾಡಿಸಿ ತಂದಳು. “ಕೆಲಸ ಬಿಡು ಅಂತ ನಾನು ಅನ್ನಲ್ಲ. ಕೋಲು ಬೇಡ ಅಂತ ನೀನು ಅನ್ಬೇಡ. ಕಾಲಿಗೆ ತಾಗೋದು ಕೋಲಿಗೆ ತಾಗ್ಲಿ.”

ಕಾಜಕ್ಕನ ಮುಖದ ಮೇಲೆ ಆ ಬಸ್ಸಿನ ಗಾಳಿ ಇನ್ನೂ ಇತ್ತು. ಕೋಲು ಇಸಿದುಕೊಂಡಳು.

ಮರುದಿನ ಬೆಳಗ್ಗೆ ಸಲೂನಿನ ಮುಂದೆ ಟಕ್ ಎಂದಿತು.

“ಬಂದ್ರಾ ಅಕ್ಕ?”

“ಬಂದೆ. ಬೆಂಚು ಒಂದು ಗೇಣು ಆಚೆ ಸರಿದಿದೆ ನೋಡು. ಮೊದಲು ಇದ್ದಲ್ಲಿಗೆ ಇಡು.”

ಅವನು ಕೂತಿದ್ದ ಗಿರಾಕಿಯ ಸಮೇತ ಬೆಂಚನ್ನು ಎಳೆದ. ಕಾಜಕ್ಕ ಮತ್ತೊಮ್ಮೆ ಕೋಲು ತಾಗಿಸಿ ನೋಡಿ, ಎಡಕ್ಕೆ ತಿರುಗಿದಳು.