ದಿಯೊಲಿಂಡಾ ಕಡಲಪಾಚಿ ಬಾಚಿದ ಬೆಳಿಗ್ಗೆ

ಟಾರ್ಬೆಲ್ ನನ್ನನ್ನು ನೋಡಿದನೇ, ಇಲ್ಲವೇ? ನಾಲ್ಕು ದಿನದಿಂದ ಇದೊಂದೇ ಯೋಚನೆ. ಮಗುವಿಗೆ ಉಣಿಸುತ್ತಿರುವಾಗಲೇ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ಬರುತ್ತೇನೆ.

ಪಕ್ಕದ ಮನೆಯ ದಿಯೊಲಿಂಡಾ ದೊಡ್ಡಮ್ಮನಿಗೆ ಅರವತ್ತೆಂಟು. ಒಂಬತ್ತನೇ ವಯಸ್ಸಿಗೆ ಪೋರ್ಚುಗಲ್ಲಿನ ಅಝೋರ್ಸ್ ದ್ವೀಪದಿಂದ ಅಮೆರಿಕದ ಈ ರೋಡ್ ಐಲ್ಯಾಂಡ್ ರಾಜ್ಯಕ್ಕೆ ಬಂದವಳು. ಮೀನು ಸೀಳುವ ಶೆಡ್ಡಿನಲ್ಲಿ ಎರಡು ಬೆರಳ ತುದಿ ಹೋದವು. ಕುಡಿದು ಹೊಡೆದ ಗಂಡನ ಹಲ್ಲನ್ನು ಬಾಣಲೆಯಿಂದ ಉದುರಿಸಿ ಮನೆಯಿಂದಾಚೆ ಅಟ್ಟಿದಳು. ಬಿರುಗಾಳಿಯ ಮರುದಿನ ತೀರಕ್ಕೆ ಬಿದ್ದ ಕಡಲಪಾಚಿಯನ್ನು ಕಬ್ಬಿಣದ ಹಲ್ಲಿನ ಕೋಲಿನಿಂದ ಬಾಚಿ ಆಲೂಗಡ್ಡೆ ಪಾತಿಗೆ ಹಾಕುವುದು ನಮ್ಮ ಬೀದಿಯ ರೂಢಿ. ಇಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ; ಆ ಹಕ್ಕು ನಮ್ಮ ರಾಜ್ಯದ ಸಂವಿಧಾನದಲ್ಲೇ ಒಂದು ಸಾಲಾಗಿ ಇದೆ.

ಸಂವಿಧಾನವನ್ನು ಹೊಸದಾಗಿ ಬರೆಯಲು ನಾಗರಿಕರ ಸಮಾವೇಶ ಬೇಕೆಂದು ಮತ ಬಿತ್ತು. ತೀರದ ಮೇಲಿನ ದೊಡ್ಡ ಮನೆಯ ಟಾರ್ಬೆಲ್ ನಮ್ಮ ಕಡೆಯ ಪ್ರತಿನಿಧಿಯಾಗಿ ನಿಂತ. “ನಿಮ್ಮ ಪಾಚಿ ಸಾಲನ್ನ ಇನ್ನೂ ಗಟ್ಟಿ ಮಾಡಿಸ್ತೀನಿ” ಎಂದ. ದೊಡ್ಡಮ್ಮ ಅವನ ಪ್ರಚಾರದ ಚೀಟಿ ಹಿಡಿದು ಮನೆಮನೆ ಸುತ್ತಿದಳು.

“ಒಂದು ಸಾಲಿಗೋಸ್ಕರ ಇಡೀ ಪುಸ್ತಕಾನೇ ಬಿಚ್ತಾರೆ ದೊಡ್ಡಮ್ಮ. ಆಮೇಲೆ ಯಾರು ಏನು ಕೀಳ್ತಾರೋ!” ಎಂದೆ ನಾನು.

“ಓದಿದ್ದು ಜಾಸ್ತಿ ಆಯ್ತು ಕಣೆ ನಿಂಗೆ. ಹಳೇ ಬಲೆ ಬಿಚ್ಚಿ ಹೆಣೆದ್ರೆ ಗಟ್ಟಿನೇ ಆಗೋದು.”

ಟಾರ್ಬೆಲ್ ಗೆದ್ದ. ಸಮಾವೇಶದ ಕರಡು ಬಂದಾಗ ಆ ಸಾಲಿಗೆ ಬಾಲ ಬೆಳೆದಿತ್ತು: ‘ತೀರದ ಮಾಲೀಕರ ಒಪ್ಪಿಗೆಯ ಮೇರೆಗೆ.’ ನವೆಂಬರಿನಲ್ಲಿ ಜನ ಆ ಕರಡಿಗೆ ಮತ ಹಾಕುವವರೆಗೂ ಹಳೆಯದೇ ಜಾರಿ. ಟಾರ್ಬೆಲ್ ಅಷ್ಟು ದಿನ ಕಾಯಲಿಲ್ಲ.

ನಾಲ್ಕು ದಿನದ ಹಿಂದೆ, ಬಿರುಗಾಳಿಯ ಮರುಬೆಳಿಗ್ಗೆ, ದೊಡ್ಡಮ್ಮ ತೀರದಲ್ಲಿ ಪಾಚಿ ಬಾಚುತ್ತಿದ್ದಳು; ನಾನು ಮಗುವನ್ನೆತ್ತಿಕೊಂಡು ಹಿಂದಿನಿಂದ ಬರುತ್ತಿದ್ದೆ. ಟಾರ್ಬೆಲ್ ತನ್ನ ಮನೆಯ ಗೋಡೆ ಇಳಿದು ಬಂದ.

“ಒಪ್ಪಿಗೆ ಕೇಳಿದ್ಯೇನೇ ಮುದುಕಿ?”

“ನಿಂಗೆ ವೋಟು ಹಾಕ್ಸಿದ್ನಲ್ಲಪ್ಪ, ತಗೋ ಒಪ್ಪಿಗೆ!” ದೊಡ್ಡಮ್ಮ ಒಂದು ಹಿಡಿ ಹಸಿ ಪಾಚಿಯನ್ನು ಅವನ ಮುಖಕ್ಕೆ ಅಪ್ಪಳಿಸಿದಳು.

ಅವನು ಅವಳ ಕೋಲನ್ನೇ ಕಿತ್ತುಕೊಂಡು ಮೊಣಕೈಗೆ ಬಾರಿಸಿದ. ಎಲುಬು ಮುರಿದ ಸದ್ದು ಅಲೆಯ ಸದ್ದನ್ನೂ ಮೀರಿ ಕೇಳಿತು. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಕೋಲಿನ ಹಲ್ಲು ಅವಳ ಭುಜದಲ್ಲಿ ನಾಟಿತು. ಮರಳು ಕೆಂಪಾಯಿತು. ನಾನು ಮಗುವಿನ ಮುಖವನ್ನು ಎದೆಗೊತ್ತಿಕೊಂಡು ಬಂಡೆಯ ಹಿಂದೆ ಕುಕ್ಕರಿಸಿದೆ. ಕೂಗಲೂ ಇಲ್ಲ.

ಪೊಲೀಸರಿಗೆ ಅವನು ಹೇಳಿದ್ದೇ ಬೇರೆ: ಅವಳೇ ಕೋಲು ಬೀಸಿದಳು, ತಾನು ಪ್ರಾಣ ಉಳಿಸಿಕೊಂಡೆ. ಪಾಚಿಯಲ್ಲಿದ್ದ ಚಿಪ್ಪು ತಗುಲಿ ಆದ ಕೆನ್ನೆಯ ಗೀರನ್ನೂ ತೋರಿಸಿದ. ಮನೆಗೆ ಬಂದ ಪೇದೆ ಕೇಳಿದಾಗ “ಮಗು ಅಳ್ತಿತ್ತು, ಏನೂ ನೋಡ್ಲಿಲ್ಲ” ಎಂದುಬಿಟ್ಟೆ.

ಇಂದು ಆಸ್ಪತ್ರೆಗೆ ಹೋದೆ. ದೊಡ್ಡಮ್ಮನ ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಅವಳ ಮೇಲೇ ಕೇಸು ಬೇರೆ, ನಾಡಿದ್ದು ಕೋರ್ಟು.

“ನೀನು ಬಂಡೆ ಹಿಂದೆ ಇದ್ದಿದ್ದು ಗೊತ್ತು” ಎಂದಳು. “ಯಾರಿಗೂ ಹೇಳಿಲ್ಲ ಕಣೆ. ಚಿಕ್ಕ ಮಗು ಇಟ್ಕೊಂಡಿದೀಯ. ವೋಟು ಹಾಕ್ಸಿ ಅವನಿಗೆ ಬಾಗಿಲು ತೆಗೆದೋಳು ನಾನೇ, ಏಟು ನಂಗೇ ಬೀಳ್ಲಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೊಗಸಾಲೆಗೆ ಬಂದು, ಪೇದೆ ಕೊಟ್ಟಿದ್ದ ನಂಬರು ಒತ್ತಿದೆ. ಆ ಕಡೆಯಿಂದ ಎತ್ತಿದರು.

“ಟಾರ್ಬೆಲ್ ಕೇಸಲ್ಲಿ ಮೊನ್ನೆ ಸುಳ್ಳು ಹೇಳಿದ್ದೆ ಸಾರ್. ಪಾಚಿ ಎಸೆದಿದ್ದು ದೊಡ್ಡಮ್ಮನೇ, ನಿಜ. ಕೋಲು ಬೀಸಿದ್ದು ಅವನು. ಎಲ್ಲಾ ನೋಡಿದೀನಿ, ಬರ್ಕೊಳ್ಳಿ.”