ಹನ್ನೊಂದು ಡ್ರಮ್ಮು ಸಮುದ್ರದ ನೀರು

ಶಕುನ, ಕಣಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತೆತ್ತಿದರೆ ನಗುತ್ತಿದ್ದವನು ನಾನು. ಕುಶಾಲನಗರದ ಹತ್ತಿರ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದೆ. ಹೊರಡುವಾಗ ಹಲ್ಲಿ ಲೊಚಗುಟ್ಟಿತೆಂದು ಹೆಂಡತಿ ತಡೆದರೆ, ಅದು ಗಂಡು ಹಲ್ಲಿಯೋ ಹೆಣ್ಣು ಹಲ್ಲಿಯೋ ನೋಡಿ ಹೇಳು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ಶಕುನ ನಂಬುವುದಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಾರಂಗಿಗೆ ಹೋಗುವ ದಾರಿಯಲ್ಲಿ ಒಂದು ರೆಸಾರ್ಟು ಮುಚ್ಚಿಕೊಂಡು ಬಿದ್ದಿತ್ತು. ಅದರ ಮುಂದಿನ ಹಾಲಿನಲ್ಲಿ ಹನ್ನೆರಡು ಅಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿದ್ದದ್ದು ನಮ್ಮ ಹೊಳೆಯ ನೀರಲ್ಲ, ಸಮುದ್ರದ ಉಪ್ಪುನೀರು. ಒಳಗೆ ಹವಳದ ಕಲ್ಲುಗಳು, ಬಣ್ಣದ ಮೀನುಗಳು, ಹೂವಿನಂತೆ ಅರಳಿ ಮುದುಡುವ ಅಂಗೈಯಷ್ಟು ಅಗಲದ ಪ್ರಾಣಿಗಳಾದ ಕಡಲ ಹೂವುಗಳು, ಖಾಲಿ ಶಂಖದೊಳಗೆ ಹೊಕ್ಕು ಅದನ್ನೇ ಮನೆ ಮಾಡಿಕೊಂಡು ಓಡಾಡುವ ಸಣ್ಣ ಏಡಿಗಳು. ಧಣಿಗಳು ಕೈಬಿಟ್ಟು ಹೋದ ಮೇಲೆ ಎರಡು ವರ್ಷ ಅದನ್ನು ಉಳಿಸಿಕೊಂಡು ಬಂದವನು ವಾಚ್‌ಮನ್ ತಮ್ಮಯ್ಯ. ಶನಿವಾರಸಂತೆ ಕಡೆಯವನು, ಓದಿದ್ದು ನಾಲ್ಕನೇ ಕ್ಲಾಸು. ಕರೆಂಟು ಹೋದರೆ ಸೈಕಲ್ ಪಂಪಿಗೆ ಟ್ಯೂಬು ಸಿಕ್ಕಿಸಿ ಗಂಟೆಗಟ್ಟಲೆ ನೀರಿಗೆ ಗಾಳಿ ಒತ್ತುತ್ತಿದ್ದನಂತೆ. ಆದರೂ ಗಾಜಿಗೆ ಪಾಚಿ ಕಟ್ಟಿ, ಅರ್ಧಕ್ಕರ್ಧ ಜೀವಗಳು ಸತ್ತುಹೋಗಿದ್ದವು.

ಆ ಕಟ್ಟಡವನ್ನು ಹೊಸಬರೊಬ್ಬರು ಕೊಂಡರು. ಮಳೆಗಾಲ ಹಿಡಿಯುವ ಮೊದಲು ಬಂದು ನೋಡುತ್ತೇನೆ, ತೊಟ್ಟಿ ನೋಡುವ ಹಾಗಿದ್ದರೆ ಇರಲಿ, ತಮ್ಮಯ್ಯನೇ ಅದನ್ನು ನೋಡಿಕೊಂಡು ಇಲ್ಲೇ ಇರಲಿ, ಇಲ್ಲದಿದ್ದರೆ ಒಡೆಸಿ ಹಾಕುತ್ತೇನೆ ಎಂದರು. ತಮ್ಮಯ್ಯ ನನ್ನ ಮನೆ ಬಾಗಿಲಿಗೆ ಬಂದು ನಿಂತ. "ನೀವು ಜೀವಜಂತು ಓದಿರೋರು ಸಾ. ಏನಾದ್ರೂ ಮಾಡಿ. ಅವನ್ನ ಬುಟ್ಟು ನಾನು ಎಲ್ಲಿಗೆ ಹೋಗ್ಲಿ?" ಎಂದ. ಸಮುದ್ರದ ಜೀವಿಗಳ ಬಗ್ಗೆ ನನಗೆ ಗೊತ್ತಿದ್ದದ್ದು ಪುಸ್ತಕದಲ್ಲಿದ್ದಷ್ಟೇ. ಆದರೆ ಹಾಗೆಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಹೂಂ ಎಂದುಬಿಟ್ಟೆ.

ಊರಿಗೆ ಊರೇ ಕೈಜೋಡಿಸಿತು. ಎಲೆಕ್ಟ್ರಿಷಿಯನ್ ಒಬ್ಬರು ಕೆಟ್ಟ ಪಂಪು ಬಿಚ್ಚಿ ಸರಿಮಾಡಿಕೊಟ್ಟರು. ಸ್ತ್ರೀಶಕ್ತಿ ಸಂಘದ ಹೆಂಗಸರು ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ಹಿಡಿದು ಬಂದು, ಎರಡು ಭಾನುವಾರ ಕೂತು ಪಾಚಿ ಕೆರೆದರು. ಸಮುದ್ರದ ನೀರು ತಂದವನು ಮೀನು ಮಾರುವ ಹಂಸಾಕ. ಅವನ ವ್ಯಾನು ಹೇಗೂ ಕಣ್ಣೂರಿನಿಂದ ಮಾಕುಟ್ಟದ ಘಾಟಿ ಹತ್ತಿ ಬರುತ್ತಿತ್ತು. ಮೀನಿನ ಜೊತೆಗೆ ನೀಲಿ ಕ್ಯಾನುಗಳಲ್ಲಿ ದಡದಿಂದ ದೂರದ ತಿಳಿನೀರು ತುಂಬಿಸಿಕೊಂಡು ಬಂದ. ಆ ನೀರು ಬಿದ್ದ ವಾರದಲ್ಲೇ ಮುದುಡಿಕೊಂಡಿದ್ದ ಕಡಲ ಹೂವುಗಳು ಅರಳಿದವು. ತಮ್ಮಯ್ಯ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಮಕ್ಕಳ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದ.

ಇನ್ನೊಂದು ಸಲ ದೊಡ್ಡದಾಗಿ ನೀರು ಬದಲಾಯಿಸಿದರೆ ಕೆಲಸ ಮುಗಿಯುತ್ತಿತ್ತು. ಹೊಸ ಧಣಿಗಳು ಬರಲು ಹತ್ತು ದಿನ ಉಳಿದಿತ್ತು. ಕ್ಯಾನಿನಲ್ಲಿ ಸ್ವಲ್ಪ ಸ್ವಲ್ಪವೇ ತಂದರೆ ಆಗುವುದಿಲ್ಲ ಎಂದು ನಾನೇ ಅವಸರ ಮಾಡಿದೆ. ಪಕ್ಕದ ಎಸ್ಟೇಟಿನ ಮುತ್ತಣ್ಣ ಕೇಳಿದ ತಕ್ಷಣ ಹನ್ನೊಂದು ನೀಲಿ ಡ್ರಮ್ಮು ಕೊಟ್ಟರು. ನಾಲ್ಕು ನೀರು ಹಾಕಿ ತೊಳೆಸಿಯೂ ಕೊಟ್ಟರು. ಹಂಸಾಕ ಅವುಗಳಲ್ಲಿ ತುಂಬಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದ. ಹೆಂಗಸರು ಉಪ್ಪಿಟ್ಟು, ಕಾಫಿ ಮಾಡಿದ್ದರು. ಹಾಲಿನ ತುಂಬ ಜನ, ಮದುವೆ ಮನೆಯ ಗದ್ದಲ.

ವ್ಯಾನು ಗೇಟಿನೊಳಗೆ ಬರುತ್ತಿದ್ದಂತೆ ತಮ್ಮಯ್ಯ ನನ್ನ ತೋಳು ಹಿಡಿದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದ. ಕಡಲ ಹೂವುಗಳೆಲ್ಲ ಮುಷ್ಟಿಯಂತೆ ಮುಚ್ಚಿಕೊಂಡಿದ್ದವು. ಒಂದು ಏಡಿಯೂ ತಳದಲ್ಲಿರಲಿಲ್ಲ. ತೊಟ್ಟಿಯ ಉದ್ದಕ್ಕೂ ನೀರಿನಿಂದ ಎರಡು ಬೆರಳು ಮೇಲೆ ಒಂದು ಪೈಪು ಹಾದಿತ್ತು. ಇಪ್ಪತ್ತು ಇಪ್ಪತ್ತೈದು ಏಡಿಗಳು ಕಲ್ಲು ಹತ್ತಿ, ಶಂಖ ಹೊತ್ತುಕೊಂಡು ಆ ಪೈಪಿನ ಮೇಲೆ ಸಾಲಾಗಿ ಕೂತಿದ್ದವು. ನೀರಿನಲ್ಲಿ ಬದುಕುವ ಪ್ರಾಣಿ ನೀರು ಬಿಟ್ಟು ಕೂತಿತ್ತು.

"ಯಾಕೋ ಸರಿ ಕಾಣ್ತಿಲ್ಲ ಸಾ. ಇವತ್ ಬ್ಯಾಡ, ಒಂದ್ ದಿನ ಬುಡಿ," ಎಂದ ತಮ್ಮಯ್ಯ.

ನೀರಿನಲ್ಲಿ ಗಾಳಿ ಕಡಿಮೆಯಾಗಿರಬೇಕು ಎಂದು ಪಂಪು ನೋಡಿದೆ. ಚೆನ್ನಾಗಿಯೇ ಓಡುತ್ತಿತ್ತು. ಡ್ರಮ್ಮುಗಳ ನೀರಿನ ಉಪ್ಪು ಅಳೆದೆ, ಬಿಸಿ ಅಳೆದೆ, ಎಲ್ಲ ಸರಿಯಾಗಿತ್ತು. ಮತ್ತೆ ಮುಚ್ಚಳ ಬಿಗಿಯಾಗಿ ಹಾಕಿದ ಮೊದಲ ಡ್ರಮ್ಮನ್ನು ಹುಡುಗರು ತಂದು ತೊಟ್ಟಿಯ ಎಡಗಡೆ ಇಟ್ಟರು. ಆಗ ಪೈಪಿನ ಮೇಲಿದ್ದ ಏಡಿಗಳು ನಿಧಾನವಾಗಿ, ಒಂದರ ಹಿಂದೆ ಒಂದು, ಬಲಗಡೆಯ ತುದಿಗೆ ನಡೆದುಹೋದವು.

ಅದನ್ನು ನಾಲ್ಕಾರು ಜನ ನೋಡಿದರು. ಯಾರೋ ಹೆಂಗಸು ದೇವರ ಹೆಸರು ಹೇಳಿ ಕೆನ್ನೆ ಬಡಿದುಕೊಂಡಳು. ನನ್ನ ಹಳೆಯ ಚಪಲ ಕೆರಳಿತು. ಜನರ ಮುಂದೆ ಮೂಢನಂಬಿಕೆ ಬಿಡಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎನಿಸಿತು. ಡ್ರಮ್ಮನ್ನು ಬಲಗಡೆಗೆ ಇಡಿಸಿದೆ. ಏಡಿಗಳು ಎಡಕ್ಕೆ ಬಂದವು. ಮತ್ತೆ ಎಡಕ್ಕೆ ಇಡಿಸಿದೆ. ಬಲಕ್ಕೆ ಹೋದವು. ನೆರಳು ಕಂಡು ಹೆದರುತ್ತಿವೆ ಎಂದುಕೊಂಡು, ಹಂಸಾಕನ ಹಳೆಯ ನೀಲಿ ಕ್ಯಾನುಗಳನ್ನು ತರಿಸಿದೆ. ಒಂದು ತಿಂಗಳಿಂದ ಅವುಗಳಲ್ಲಿ ಕಡಲ ನೀರು ಉಳಿದಿತ್ತು. ಡ್ರಮ್ಮಿನಷ್ಟೇ ಎತ್ತರಕ್ಕೆ ಬರುವಂತೆ ಒಂದರ ಮೇಲೊಂದು ಪೇರಿಸಿ, ಮೊದಲು ಬಲಗಡೆಗೆ, ಆಮೇಲೆ ಎಡಗಡೆಗೆ ಇಡಿಸಿದೆ. ಏಡಿಗಳು ಇದ್ದಲ್ಲೇ ಇದ್ದವು. ಒಂದೂ ಕದಲಲಿಲ್ಲ.

ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಇದನ್ನೇ. ಪ್ರಯೋಗ ಮಾಡಿ, ಬದಲಿಸಿ ನೋಡಿ, ಬಂದ ಉತ್ತರವನ್ನು ಒಪ್ಪಿಕೊಳ್ಳಿ ಎಂದು. ಉತ್ತರ ನನ್ನ ಕಣ್ಣ ಮುಂದೆ ಇತ್ತು. ಒಪ್ಪಿಕೊಂಡರೆ ಅಷ್ಟು ಜನರ ಮುಂದೆ ನಾನು ಏನು ಹೇಳಬೇಕಿತ್ತು? ಏಡಿಗಳಿಗೆ ಇಷ್ಟವಿಲ್ಲವಂತೆ, ಎಲ್ಲರೂ ಮನೆಗೆ ಹೋಗಿ ಎನ್ನಬೇಕಿತ್ತೇ? ಹಂಸಾಕ ಬೇರೆ ತನ್ನ ಮಲಯಾಳಿ ಧಾಟಿಯಲ್ಲಿ, "ಮಾಷೇ, ಬೇಗ ಮಾಡಿ, ವ್ಯಾನಲ್ಲಿ ಮೀನುಂಟು," ಎಂದು ಕೈಗಡಿಯಾರ ನೋಡುತ್ತಿದ್ದ. ನಾನು ನಕ್ಕು, "ಏಡಿ ಮಾತು ಕೇಳ್ಕೊಂಡು ಕೆಲಸ ಮಾಡೋಕೆ ಆಗುತ್ತೇನೋ ತಮ್ಮಯ್ಯ?" ಎಂದೆ. ಎಲ್ಲರೂ ನಕ್ಕರು. ನನಗೆ ಬೇಜಾರಾಗಬಾರದೆಂದು ತಮ್ಮಯ್ಯನೂ ನಕ್ಕ. ಆಮೇಲೆ ಅವನೇ ನೀರು ಎಳೆಯುವ ರಬ್ಬರ್ ಪೈಪು ಹಿಡಿದ. ಹಳೆಯ ನೀರು ಅರ್ಧ ತೆಗೆದು, ಹನ್ನೊಂದು ಡ್ರಮ್ಮನ್ನೂ ಒಂದೊಂದಾಗಿ ಸುರಿದೆವು.

ಸಂಜೆಯ ಹೊತ್ತಿಗೆ ಗಾಜಿಗೆ ಅಂಟಿದ್ದ ಬಸವನಹುಳುಗಳು ಕಳಚಿ ಬೀಳತೊಡಗಿದವು. ಮಾರನೆಯ ಬೆಳಿಗ್ಗೆ ಏಡಿಗಳು ಪೈಪಿನಿಂದ ನೀರಿಗೆ ಬಿದ್ದು, ಶಂಖ ಬಿಟ್ಟು ಹೊರಬಂದು ಬೆತ್ತಲೆಯಾಗಿ ಸತ್ತಿದ್ದವು. ಕಡಲ ಹೂವುಗಳು ಗಂಜಿಯಂತೆ ಕರಗುತ್ತಿದ್ದವು. ಮಂಗಳೂರಿನಲ್ಲಿ ಇಂಥ ತೊಟ್ಟಿಗಳ ಕೆಲಸ ಮಾಡುವವರೊಬ್ಬರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ನೀರನ್ನು ಯಾವುದರಲ್ಲಿ ತಂದಿರಿ?"

ಮುತ್ತಣ್ಣನನ್ನು ಕೇಳಿದೆ. "ಬೋರ್ಡೋ ಕಲಸುವ ಡ್ರಮ್ಮು ಸಾರ್, ಮತ್ತೇನು? ಹೋದ ವಾರ ತಾನೇ ಸ್ಪ್ರೇ ಮುಗೀತು. ಚೆನ್ನಾಗಿ ತೊಳೆಸಿದ್ದೆನಲ್ಲ," ಎಂದರು. ಕೊಡಗಿನಲ್ಲಿ ಮಳೆಗೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ರೋಗ ಬಾರದಿರಲೆಂದು ಈ ಬೋರ್ಡೋ, ಅಂದರೆ ತಾಮ್ರದ ಉಪ್ಪಾದ ಮೈಲುತುತ್ತಿಗೆ ಸುಣ್ಣ ಕಲಸಿದ ದ್ರಾವಣ, ಹೊಡೆಯದ ತೋಟವಿಲ್ಲ. ಆ ಕಾಲದಲ್ಲಿ ಯಾವ ಎಸ್ಟೇಟಿನ ಡ್ರಮ್ಮು ಮುಟ್ಟಿದರೂ ಅದು ಮೈಲುತುತ್ತು ಕಂಡದ್ದೇ. ನಾನೂ ಮಣ್ಣಿನ ಮಗ. ಚಿಕ್ಕಂದಿನಲ್ಲಿ ಅದನ್ನು ಕಲಸಿ ಕೈ ನೀಲಿ ಮಾಡಿಕೊಂಡವನು. ನೀಲಿ ಪ್ಲಾಸ್ಟಿಕ್ಕಿನಲ್ಲಿ ನೀಲಿ ಕಲೆ ಕಾಣಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನಮ್ಮ ಮೈಗೆ ತಾಗದಷ್ಟು ತಾಮ್ರ ಸಾಕಂತೆ ಆ ಜೀವಗಳು ಸಾಯಲು. ಕಲ್ಲಿನೊಳಕ್ಕೂ ಇಳಿದಿರುತ್ತದೆ, ಇನ್ನು ಮಾಡುವುದಕ್ಕೆ ಏನೂ ಇಲ್ಲ ಎಂದರು ಮಂಗಳೂರಿನವರು.

ಏನೂ ಇಲ್ಲ ಎಂದರೆ ನಿಜವಾಗಿಯೂ ಏನೂ ಇರಲಿಲ್ಲ. ನಾಲ್ಕು ದಿನ ನಾನೂ ತಮ್ಮಯ್ಯನೂ ಆ ಗಾಜಿನ ಮುಂದೆ ನಿಂತು ನೋಡಿದೆವು. ಉಳಿದಿದ್ದ ಮೀನುಗಳೂ ಕೊಳೆತ ನೀರಿನಲ್ಲಿ ಒಂದೊಂದಾಗಿ ಮೇಲೆ ಬಂದವು. ಅವನು ಸಣ್ಣ ಬಲೆಯಲ್ಲಿ ಎತ್ತಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದ. ನಡುವೆ ನನಗೆ ಕಾಫಿ ತಂದುಕೊಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಹೊಸ ಧಣಿಗಳು ಬಂದವರು ಮೂಗಿಗೆ ಕರ್ಚೀಫು ಹಿಡಿದು ಹಾಲಿನಿಂದ ಹೊರಗೆ ನಡೆದರು. ಮರುದಿನವೇ ತೊಟ್ಟಿ ಒಡೆದರು. ತಮ್ಮಯ್ಯ ತನ್ನ ಟ್ರಂಕು ಎತ್ತಿಕೊಂಡು ಊರಿಗೆ ಹೋದ.

ಅವಕ್ಕೆ ಹೇಗೆ ಗೊತ್ತಾಯಿತು? ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ವಾಸನೆ ಎನ್ನೋಣವೆಂದರೆ ಡ್ರಮ್ಮುಗಳ ಮುಚ್ಚಳ ಬಿಗಿಯಾಗಿತ್ತು, ಮೈಲುತುತ್ತಿಗೆ ವಾಸನೆಯೂ ಇಲ್ಲ. ಇನ್ನು ವ್ಯಾನು ಗೇಟಿನಲ್ಲಿದ್ದಾಗಲೇ ಅವು ಪೈಪು ಹತ್ತಿದ್ದವಲ್ಲ? ಕಾಕತಾಳೀಯ ಎಂದರು ಗೆಳೆಯರೊಬ್ಬರು. ಒಂದು ಸಲವಾದರೆ ನಾನೂ ಹಾಗೇ ಅನ್ನುತ್ತಿದ್ದೆ. ನನ್ನ ಕೈಯಾರೆ ಮಾಡಿದ ಪ್ರಯೋಗವನ್ನು ಯಾವ ಮುಖದಿಂದ ಕಾಕತಾಳೀಯ ಎನ್ನಲಿ?

ಹೋದ ವರ್ಷ ಸೋಮವಾರಪೇಟೆ ಬಸ್‌ ಸ್ಟ್ಯಾಂಡಿನಲ್ಲಿ ತಮ್ಮಯ್ಯ ಸಿಕ್ಕಿದ. ಯಾರದೋ ಶುಂಠಿ ಗೋಡೌನು ಕಾಯುತ್ತಿದ್ದಾನಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಮಂಡಿನೋವು ವಿಚಾರಿಸಿದ, ಬೇಡವೆಂದರೂ ಟೀ ಕುಡಿಸಿದ. ತಡೆಯಲಾರದೆ ನಾನೇ ಮಾತು ತೆಗೆದು, ಅವತ್ತು ನಿನ್ನ ಮಾತು ಕೇಳಬೇಕಿತ್ತು ತಮ್ಮಯ್ಯ, ತಪ್ಪಾಯಿತು ಎಂದೆ.

ಅವನು ನನ್ನ ಕೈ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ. "ಬುಡಿ ಸಾ. ನಿಮಗೇನ್ ಗೊತ್ತಿತ್ತು?"

ಹೌದು, ಗೊತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಏಡಿಗಳು ಎಡಕ್ಕೂ ಬಲಕ್ಕೂ ನಡೆದದ್ದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಕುಶಾಲನಗರದ ಬಸ್ಸು ಬಂತು. ಅವನೇ ನನ್ನ ಚೀಲ ಎತ್ತಿಕೊಟ್ಟು, ಸೀಟು ಹಿಡಿಸಿಕೊಟ್ಟು ಇಳಿದುಹೋದ.